ಕಾಫಿ ನಾಡಿನಲ್ಲಿ ಸೂಪರ್ ಮಾರ್ಕೆಟ್: ಮೊದಲು ಒಟ್ಟಾಗಿ ಕೊಳ್ಳೋಣ

ಕಾಫಿ ನಾಡಿನ ಪೇಟೆಬೀದಿಗಳಲ್ಲಿ ನಾಮಫಲಕಗಳು ಬದಲಾಗುತ್ತಿವೆ. ಚಿಕ್ಕಮಗಳೂರಿರಲಿ, ಮೂಡಿಗೆರೆಯಿರಲಿ ಅಥವಾ ಮೂಡಿಗೆರೆಯಿಂದ ಬೇರ್ಪಟ್ಟು ತಾಲೂಕಾದ ಕಳಸವಿರಲಿ, ನಿನ್ನೆಯವರೆಗೆ ದಿನಸಿ ಅಂಗಡಿಯೆಂದೋ ಜನರಲ್ ಸ್ಟೋರ್ಸ್ ಎಂದೋ ಕರೆಸಿಕೊಳ್ಳುತ್ತಿದ್ದ ಮಳಿಗೆಗಳು ಗಾಜಿನ ಬಾಗಿಲು, ಬಿಳಿ ದೀಪ ಮತ್ತು ತಳ್ಳುಗಾಡಿಗಳೊಂದಿಗೆ ‘ಸೂಪರ್ ಮಾರ್ಕೆಟ್’ ಆಗುತ್ತಿವೆ. ಗಲ್ಫ್‌ನಿಂದ ಮರಳಿದ ಯುವಕನಲ್ಲಿ ಮುಂದೇನೆಂದು ಕೇಳಿದರೆ ಸೂಪರ್ ಮಾರ್ಕೆಟ್ ಎನ್ನುತ್ತಾನೆ. ಕಾಫಿ, ಕಾಳುಮೆಣಸಿನ ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿಸಿದವರ ಉತ್ತರವೂ ಅದೇ. ಈ ಉತ್ಸಾಹ ಸ್ವಾಗತಾರ್ಹ. ಗುಜರಿ, ಹಣ್ಣು, ಮೀನು ಮತ್ತು ಪಾದರಕ್ಷೆಯ ಸಣ್ಣ ವ್ಯಾಪಾರಕ್ಕೆ ಸೀಮಿತವಾಗಿದ್ದ ಸಮುದಾಯವೊಂದು ಒಂದು ಮೆಟ್ಟಿಲು ಮೇಲೇರಲು ಬಯಸುವುದನ್ನು ಯಾರು ತಾನೇ ತಪ್ಪೆನ್ನುತ್ತಾರೆ?

ಆದರೆ ಇದರಲ್ಲಿ ಪಣಕ್ಕಿಡಲಾಗುತ್ತಿರುವುದು ಏನೆಂಬುದನ್ನೂ ನಾವು ಗಮನಿಸಬೇಕಾಗಿದೆ. ಮರುಭೂಮಿಯಲ್ಲಿ ಹತ್ತು ವರ್ಷ ಬೆವರು ಸುರಿಸಿ ಗಳಿಸಿದ ಹಣ, ಮನೆಯ ಹೆಣ್ಣುಮಕ್ಕಳ ಒಡವೆ, ತಂದೆಯ ಕಾಲದ ಎರಡೆಕರೆ ತೋಟದ ಕಾಗದಪತ್ರ - ಇವು ಆ ಗಾಜಿನ ಬಾಗಿಲಿನ ಹಿಂದೆ ಇರುವ ನಿಜವಾದ ಬಂಡವಾಳ. ಅಷ್ಟೇ ಅಲ್ಲ, ಅದೇ ಬೀದಿಯಲ್ಲಿ ಮೂವತ್ತು ವರ್ಷಗಳಿಂದ ಅಂಗಡಿ ಇಟ್ಟುಕೊಂಡಿರುವ ನೆರೆಯವನ ಅನ್ನವೂ ಈ ಪಣದಲ್ಲಿ ಸೇರಿದೆ. ಆದ್ದರಿಂದ ಸೂಪರ್ ಮಾರ್ಕೆಟ್ ಬೇಕೇ ಬೇಡವೇ ಎಂಬುದಕ್ಕಿಂತ ಅದನ್ನು ಹೇಗೆ ಆರಂಭಿಸಬೇಕು ಎಂಬ ಪ್ರಶ್ನೆಯೇ ಮುಖ್ಯವಾದುದು.

ಈ ಆಸೆ ಹುಟ್ಟಲು ಕಾರಣಗಳಿವೆ. 2024-25ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಬೆಳೆಗಾರನ ಕೈಯಲ್ಲಿ ಹಣ ಓಡಾಡಿತು, ಪೇಟೆಯ ಗಲ್ಲಾಪೆಟ್ಟಿಗೆಯಲ್ಲೂ ಅದರ ಸದ್ದು ಕೇಳಿಸಿತು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂ. ನೀಡುವ ವ್ಯವಸ್ಥೆ ಮಾಡಿತು. ಸಾಮಾನು ಕೊಳ್ಳುವ ನಿರ್ಧಾರ ಮಹಿಳೆಯ ಕೈಗೆ ಬಂದಾಗ ಆಕೆ ಬೆಲೆ ನೋಡಿ, ದಿನಾಂಕ ನೋಡಿ, ತಾನೇ ಕೈಯಿಟ್ಟು ಆರಿಸಲು ಬಯಸುವುದು ಸಹಜ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಹೊರನಾಡು, ಕುದುರೆಮುಖಗಳಿಗೆ ವಾರಾಂತ್ಯದಲ್ಲಿ ಹರಿದು ಬರುವ ಪ್ರವಾಸಿಗರು ಮತ್ತು ಅವರಿಗಾಗಿ ತಲೆಯೆತ್ತಿರುವ ಹೋಮ್‌ಸ್ಟೇಗಳು ಪೇಟೆಗೆ ಹೊಸ ಗಿರಾಕಿಗಳನ್ನು ತಂದಿವೆ. ಗಿರಾಕಿ ಇದ್ದಾನೆ, ಹಣ ಇದೆ, ಇನ್ನೇನು ಬೇಕು ಎಂದು ಅನಿಸುವುದು ಇಲ್ಲಿಯೇ.

ಅಷ್ಟಕ್ಕೂ, ಸೂಪರ್ ಮಾರ್ಕೆಟ್ ಎಂದರೇನು? ದೊಡ್ಡ ಕಟ್ಟಡವೇ? ಹವಾನಿಯಂತ್ರಣವೇ? 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ಗಿರಾಕಿಯೇ ಒಳಗೆ ಬಂದು ಸಾಮಾನು ಎತ್ತಿಕೊಳ್ಳುವ ಅಂಗಡಿಯನ್ನು ತೆರೆದ. ಅದುವರೆಗೆ ಅಲ್ಲಿಯೂ ನಮ್ಮ ದಿನಸಿ ಅಂಗಡಿಯಂತೆಯೇ ಕಟ್ಟೆಯ ಆಚೆ ನಿಂತ ನೌಕರ ಪಟ್ಟಿ ಕೇಳಿ, ತೂಗಿ, ಕಟ್ಟಿ ಕೊಡುತ್ತಿದ್ದ. 1930ರಲ್ಲಿ ನ್ಯೂಯಾರ್ಕಿನ ಮೈಕಲ್ ಕಲನ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಲಾಭವನ್ನು ಕಡಿಮೆ ಇಟ್ಟು ರಾಶಿ ರಾಶಿ ಮಾರುವ ವಿಧಾನವನ್ನು ಜಾರಿಗೆ ತಂದ. ಅದು ಜಗತ್ತಿನ ದೊಡ್ಡ ಆರ್ಥಿಕ ಕುಸಿತದ ಕಾಲ. ಜನರ ಬಳಿ ಹಣವಿರಲಿಲ್ಲ, ಅಗ್ಗದ ಸಾಮಾನು ಬೇಕಿತ್ತು. ಅಂದರೆ ಸೂಪರ್ ಮಾರ್ಕೆಟ್ ಹುಟ್ಟಿದ್ದು ಶ್ರೀಮಂತಿಕೆಯ ಪ್ರದರ್ಶನಕ್ಕಾಗಿ ಅಲ್ಲ, ಬಡತನಕ್ಕೆ ಉತ್ತರವಾಗಿ. ಅದರ ಜೀವಾಳ ಇರುವುದು ಎರಡೇ ಸಂಗತಿಗಳಲ್ಲಿ: ಅಗ್ಗವಾಗಿ ಕೊಳ್ಳುವುದು ಮತ್ತು ಬೇಗನೆ ಮಾರುವುದು. ಕಟ್ಟಡ, ದೀಪ, ಗಾಜು ಇವೆಲ್ಲ ಆಮೇಲಿನವು. ವಿಪರ್ಯಾಸವೆಂದರೆ ನಮ್ಮಲ್ಲಿ ಹೆಚ್ಚಿನವರು ಈ ಕೊನೆಯದರಿಂದಲೇ ಆರಂಭಿಸುತ್ತಾರೆ.

ಒಂದು ಲೆಕ್ಕವನ್ನು ನೋಡೋಣ. ಇದು ಯಾವುದೇ ಅಂಗಡಿಯ ಲೆಕ್ಕವಲ್ಲ, ಉದಾಹರಣೆಗಾಗಿ ಇಟ್ಟುಕೊಂಡದ್ದು. ದಿನಕ್ಕೆ 50 ಸಾವಿರ ರೂ. ವ್ಯಾಪಾರವಾಗುವ ಮಳಿಗೆಯೊಂದಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 15 ಲಕ್ಷ. ಕೇಳುವಾಗ ಕಿವಿಗೆ ಹಿತವಾಗಿರುತ್ತದೆ. ಅಕ್ಕಿ, ಸಕ್ಕರೆ, ಎಣ್ಣೆಯಲ್ಲಿ ಸಿಗುವುದು ಅತ್ಯಲ್ಪ. ಸಾಬೂನು, ಬಿಸ್ಕತ್ತು, ಮಸಾಲೆಯಲ್ಲಿ ಸ್ವಲ್ಪ ಹೆಚ್ಚು. ಎಲ್ಲ ಸೇರಿಸಿ ಸರಾಸರಿ ನೂರಕ್ಕೆ 12 ರೂ. ಉಳಿಯುತ್ತದೆ ಎಂದರೆ ತಿಂಗಳಿಗೆ 1 ಲಕ್ಷ 80 ಸಾವಿರ. ಇನ್ನು ಖರ್ಚು: ಬಾಡಿಗೆ 40 ಸಾವಿರ, ಐದು ಮಂದಿಯ ಸಂಬಳ 75 ಸಾವಿರ, ವಿದ್ಯುತ್ತು ಮತ್ತು ಮಳೆಗಾಲದಲ್ಲಿ ಜನರೇಟರಿನ ಡೀಸೆಲ್ 20 ಸಾವಿರ, ಕೊಳೆತದ್ದು, ಅವಧಿ ಮುಗಿದದ್ದು, ಇಲಿ ತಿಂದದ್ದು, ಕಾಣೆಯಾದದ್ದು 15 ಸಾವಿರ. ಒಟ್ಟು ಒಂದೂವರೆ ಲಕ್ಷ. ಉಳಿದದ್ದು 30 ಸಾವಿರ. ಕಟ್ಟಡದ ಒಳಾಂಗಣ ಮತ್ತು ಫ್ರೀಜರುಗಳಿಗಾಗಿ 25 ಲಕ್ಷ ರೂ. ಸಾಲವನ್ನು ಶೇ. 12ರ ಬಡ್ಡಿಗೆ ಪಡೆದಿದ್ದರೆ ತಿಂಗಳಿಗೆ 25 ಸಾವಿರ ಬಡ್ಡಿಗೇ ಹೋಯಿತು. ಮಾಲಕನಿಗೆ ಉಳಿದದ್ದು 5 ಸಾವಿರ. ಅಸಲು ಹಾಗೆಯೇ ಇದೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಆತ ದುಡಿದದ್ದು ಯಾರಿಗಾಗಿ? ಬಡ್ಡಿಯ ವಿಷಯದಲ್ಲಿ ಇಸ್ಲಾಮಿನ ನಿಲುವೇನೆಂಬುದು ಓದುಗರಿಗೆ ಗೊತ್ತು. ಅದನ್ನು ಕೇವಲ ಪರಲೋಕದ ವಿಷಯವೆಂದು ಬದಿಗಿಡುವವರು ಈ ಇಹಲೋಕದ ಲೆಕ್ಕವನ್ನಾದರೂ ಒಮ್ಮೆ ಬರೆದು ನೋಡಲಿ.

ಈ ಲೆಕ್ಕ ಬೆಂಗಳೂರಿಗೂ ಅನ್ವಯಿಸುತ್ತದೆ. ಆದರೆ ಬೆಂಗಳೂರಿನಲ್ಲಿಲ್ಲದ ಕೆಲವು ಸಂಗತಿಗಳು ಈ ಗುಡ್ಡಗಾಡಿನಲ್ಲಿವೆ. ಮೊದಲನೆಯದು ಧಾರಣೆ. ಇಂದಿನ ಕಾಫಿ ಬೆಲೆಯನ್ನು ನಂಬಿ ಇಪ್ಪತ್ತು ವರ್ಷದ ಯೋಜನೆ ಹಾಕುವವರು ಈ ಶತಮಾನದ ಆರಂಭವನ್ನು ನೆನಪಿಸಿಕೊಳ್ಳಬೇಕು. 1996ರ ಹೊತ್ತಿಗೆ ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ವ್ಯವಸ್ಥೆ ಕೊನೆಗೊಂಡು ಬೆಳೆಗಾರ ಮುಕ್ತ ಮಾರುಕಟ್ಟೆಗೆ ಬಂದ. ಮೊದಲು ಒಳ್ಳೆಯ ಬೆಲೆ ಕಂಡ. 2000ದ ನಂತರ ಜಾಗತಿಕ ಬೆಲೆ ನೆಲಕಚ್ಚಿದಾಗ ತೋಟಗಳು ಸಾಲದಲ್ಲಿ ಮುಳುಗಿದವು. ಬೆಳೆಗಾರ ಕೈಬಿಗಿ ಹಿಡಿದರೆ ಕಾರ್ಮಿಕನ ಕೈ ಖಾಲಿ. ಕಾರ್ಮಿಕನ ಕೈ ಖಾಲಿಯಾದರೆ ಪೇಟೆಯ ಅಂಗಡಿಯೂ ಖಾಲಿ.

ಎರಡನೆಯದಕ್ಕೆ ಕಳಸವೇ ಸಾಕ್ಷಿ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪೆನಿಯಿದ್ದಾಗ ಅಲ್ಲೊಂದು ಇಡೀ ಪಟ್ಟಣವೇ ಇತ್ತು. ಸಂಬಳದ ದಿನ ಸುತ್ತಲಿನ ಪೇಟೆಗಳಲ್ಲಿ ವ್ಯಾಪಾರವಿತ್ತು. ಸುಪ್ರೀಮ್ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಪರಿಸರದ ದೃಷ್ಟಿಯಿಂದ ಅದು ಅಗತ್ಯವಾದ ತೀರ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾರ್ಮಿಕರ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಂಡಾಗ ಅವರನ್ನೇ ನಂಬಿದ್ದ ಅಂಗಡಿಗಳು ಗಿರಾಕಿಯನ್ನು ಕಳಕೊಂಡವು. ಒಂದೇ ಮೂಲದ ಹಣವನ್ನು ನಂಬಿದ ಪೇಟೆ, ಒಂದೇ ಕಂಬದ ಮೇಲೆ ನಿಂತ ಮನೆಯಂತೆ. ಇಂದು ಆ ಕಂಬ ಪ್ರವಾಸೋದ್ಯಮ. ನಾಳೆ?

ಮೂರನೆಯದು ಮಳೆ ಮತ್ತು ದಾರಿ. ಮಂಗಳೂರಿನಿಂದ ಮೂಡಿಗೆರೆಗೆ ಬರುವ ಸರಕು ಚಾರ್ಮಾಡಿ ಘಾಟಿಯನ್ನು ಹತ್ತಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿ ಮುಚ್ಚಿದ್ದು ಯಾರಿಗೆ ನೆನಪಿಲ್ಲ? ಕಳಸ-ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಭದ್ರೆಯ ನೆರೆಯಲ್ಲಿ ಮುಳುಗಿದ್ದು ಒಂದೆರಡು ಬಾರಿಯಲ್ಲ. ಲಾರಿ ಬಾರದಿದ್ದರೆ ತರಕಾರಿಯಿಲ್ಲ, ಕರೆಂಟು ಹೋದರೆ ಹಾಲು ಮತ್ತು ಐಸ್‌ಕ್ರೀಮ್ ಚರಂಡಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿಯೂ ಕಡಿಮೆ, ತೋಟದ ಕೆಲಸವೂ ಕಡಿಮೆ. ವರ್ಷದ ಹನ್ನೆರಡು ತಿಂಗಳೂ ಒಂದೇ ಬಾಡಿಗೆ, ಒಂದೇ ಸಂಬಳ. ವ್ಯಾಪಾರ ಮಾತ್ರ ಎಂಟು ತಿಂಗಳದ್ದು.

ನಾಲ್ಕನೆಯದು ಉದ್ರಿ. ಈ ನಾಡಿನ ದಿನಸಿ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಲೈನ್ ಮನೆಯ ಕಾರ್ಮಿಕ ವಾರವಿಡೀ ಸಾಮಾನು ಒಯ್ದು ಬಟವಾಡೆಯ ದಿನ ಲೆಕ್ಕ ಚುಕ್ತಾ ಮಾಡುತ್ತಾನೆ. ಸಣ್ಣ ಬೆಳೆಗಾರ ಕೊಯ್ಲಿನವರೆಗೆ ಒಯ್ದು ಕಾಫಿ ಮಾರಿದ ಮೇಲೆ ಕೊಡುತ್ತಾನೆ. ಅಂಗಡಿಯವನಿಗೆ ಇವರ ಮನೆ ಗೊತ್ತು, ಮಕ್ಕಳು ಗೊತ್ತು, ಕಷ್ಟ ಗೊತ್ತು. ಸೂಪರ್ ಮಾರ್ಕೆಟಿನ ಬಿಲ್ಲಿಂಗ್ ಯಂತ್ರಕ್ಕೆ ಇದು ಯಾವುದೂ ಗೊತ್ತಿಲ್ಲ. ಉದ್ರಿಯನ್ನು ಪೂರ್ಣವಾಗಿ ನಿಲ್ಲಿಸಿದರೆ ಅರ್ಧ ಊರು ಒಳಗೆ ಬರುವುದಿಲ್ಲ. ಕೇಳಿದವರಿಗೆಲ್ಲ ಕೊಟ್ಟರೆ ಮುಂದಿನ ಲಾರಿಗೆ ಹಣವಿರುವುದಿಲ್ಲ. ಈ ಎರಡರ ನಡುವಿನ ದಾರಿಯನ್ನು ಅರಿಯದೆ ಪೇಟೆಯಲ್ಲಿ ಗಾಜಿನ ಬಾಗಿಲು ಹಾಕುವವನು ಬಾಗಿಲು ಮುಚ್ಚುವ ದಿನವನ್ನೂ ಅಂದೇ ಗೊತ್ತು ಮಾಡಿದಂತೆ.

ಇದು ಸಣ್ಣವರ ಸಮಸ್ಯೆ, ದೊಡ್ಡ ಬಂಡವಾಳವಿದ್ದರೆ ಎಲ್ಲವನ್ನೂ ನಿಭಾಯಿಸಬಹುದು ಎನ್ನುವವರಿದ್ದಾರೆ. ನಿಜವೇ? 1997ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸುಭಿಕ್ಷಾ ಹತ್ತೇ ವರ್ಷಗಳಲ್ಲಿ ದೇಶದಾದ್ಯಂತ ಸುಮಾರು 1600 ಮಳಿಗೆಗಳಿಗೆ ಬೆಳೆಯಿತು. 2009ರಲ್ಲಿ ನೌಕರರಿಗೆ ಸಂಬಳ ಕೊಡಲಾಗದೆ, ಸರಕು ಕೊಟ್ಟವರ ಬಾಕಿ ತೀರಿಸಲಾಗದೆ ಮುಚ್ಚಿಹೋಯಿತು. 2001ರಲ್ಲಿ ಬಂದ ಬಿಗ್ ಬಜಾರ್ ದೇಶದ ಮಧ್ಯಮ ವರ್ಗಕ್ಕೆ ಸೂಪರ್ ಮಾರ್ಕೆಟನ್ನು ಪರಿಚಯಿಸಿತು. ಸಾಲದ ಹೊರೆ ಮತ್ತು ಕೊರೋನಾ ಕಾಲದ ಹೊಡೆತಕ್ಕೆ ಸಿಕ್ಕಿ 2022ರಲ್ಲಿ ಅದರ ಮಳಿಗೆಗಳು ರಿಲಯನ್ಸ್ ಪಾಲಾದವು. ಇದಕ್ಕೆ ವ್ಯತಿರಿಕ್ತವಾಗಿ 2002ರಲ್ಲಿ ಮುಂಬೈಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟ್ ನಿಧಾನವಾಗಿ ನಡೆಯಿತು. ಬಾಡಿಗೆಗೆ ಬದಲು ಸಾಧ್ಯವಾದಷ್ಟೂ ಸ್ವಂತ ಜಾಗ, ಸಾಲ ಕಡಿಮೆ, ಸರಕು ಕೊಟ್ಟವರಿಗೆ ಬೇಗನೆ ಹಣ, ಅದರಿಂದಾಗಿ ಅಗ್ಗದ ಖರೀದಿ. ಅದು ಇಂದಿಗೂ ನಿಂತಿದೆ. ನಮ್ಮ ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದು ಈ ನೆಲದ ಬೀಜಕ್ಕೆ ದೇಶದಲ್ಲಿ ಹೆಸರು ತಂದರು, ಸಾವಿರಾರು ಯುವಕ-ಯುವತಿಯರಿಗೆ ಕೆಲಸ ಕೊಟ್ಟರು. 2019ರ ಜುಲೈಯಲ್ಲಿ ಅವರ ಅಂತ್ಯವನ್ನು ಕಂಡು ಮರುಗದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಅವರ ಸಂಸ್ಥೆಯ ಮೇಲಿದ್ದ ಸಾವಿರಾರು ಕೋಟಿಯ ಸಾಲದ ಸುದ್ದಿ ಆ ದಿನಗಳಲ್ಲಿ ಮನೆಮನೆಯ ಮಾತಾಗಿತ್ತು. ಸಾಲದಿಂದ ಬೆಳೆದ ವೇಗ ಎಷ್ಟು ಭಾರವಾದುದೆಂದು ಕಾಫಿ ನಾಡಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಗಲ್ಫ್‌ನಿಂದ ಮರಳಿದವರು ಲುಲು ಮಳಿಗೆಯ ಉದಾಹರಣೆ ಕೊಡುತ್ತಾರೆ. ಕೇರಳದ ನಾಟಿಕ ಎಂಬ ಹಳ್ಳಿಯಿಂದ ಎಂ.ಎ. ಯೂಸುಫಲಿ ಅಬುಧಾಬಿಗೆ ಹೋದದ್ದು 1973ರಲ್ಲಿ. ಮೊದಲ ಲುಲು ಹೈಪರ್ ಮಾರ್ಕೆಟ್ ತೆರೆದದ್ದು 2000ದಲ್ಲಿ. ನಡುವೆ 27 ವರ್ಷಗಳ ಸಗಟು ವ್ಯಾಪಾರ, ಆಮದು, ಗೋದಾಮು, ಸಣ್ಣ ಮಳಿಗೆಗಳ ಅನುಭವವಿದೆ. ನಾವು ನೋಡುವುದು ಕೊನೆಯ ಮೆಟ್ಟಿಲನ್ನು ಮಾತ್ರ.

ಹಾಗಾದರೆ ದಾರಿ ಯಾವುದು? ನಮ್ಮ ಸಲಹೆ ಸರಳವಾದುದು: ಮೊದಲು ಒಟ್ಟಾಗಿ ಕೊಳ್ಳಿ, ಮಳಿಗೆ ಆಮೇಲೆ ಕಟ್ಟಿ. ಒಂದು ಪೇಟೆಯಲ್ಲಿ ಹತ್ತು ದಿನಸಿ ಅಂಗಡಿಗಳಿವೆ ಎನ್ನೋಣ. ಹತ್ತು ಮಂದಿಯೂ ಬೇರೆಬೇರೆಯಾಗಿ ಮಂಗಳೂರಿಗೋ ಹಾಸನಕ್ಕೋ ಹೋಗಿ ಹತ್ತು ಮೂಟೆ ಸಕ್ಕರೆ, ಐದು ಡಬ್ಬ ಎಣ್ಣೆ ತರುತ್ತಾರೆ. ಹತ್ತು ಬಾರಿ ಸಾಗಾಟದ ಖರ್ಚು, ಹತ್ತು ಮಂದಿಗೂ ಚಿಲ್ಲರೆಗಿಂತ ಸ್ವಲ್ಪವೇ ಕಡಿಮೆಯಾದ ಬೆಲೆ. ಇದೇ ಹತ್ತು ಮಂದಿ ಒಂದು ಪಟ್ಟಿ ಮಾಡಿ, ಒಂದು ಲಾರಿ ತರಿಸಿ, ಒಂದು ಗೋದಾಮಿನಲ್ಲಿ ಇಳಿಸಿದರೆ? ಕಂಪೆನಿಯ ಏಜೆಂಟ್ ಇವರ ಬಾಗಿಲಿಗೆ ಬರುತ್ತಾನೆ. ಘಾಟಿ ಮುಚ್ಚುವ ಮುನ್ನ ಒಂದು ತಿಂಗಳ ಅಕ್ಕಿ, ಬೇಳೆ ಸಂಗ್ರಹವಾಗಿರುತ್ತದೆ. ಒಬ್ಬನ ಅಂಗಡಿಯಲ್ಲಿ ಓಡದ ಸರಕು ಇನ್ನೊಬ್ಬನ ಅಂಗಡಿಯಲ್ಲಿ ಓಡುತ್ತದೆ, ಅವಧಿ ಮುಗಿದು ಹಾಳಾಗುವುದು ತಪ್ಪುತ್ತದೆ. ನೂರಕ್ಕೆ ಎರಡು ಮೂರು ರೂಪಾಯಿ ಖರೀದಿಯಲ್ಲೇ ಉಳಿದರೆ, ಮೇಲಿನ ಲೆಕ್ಕದಲ್ಲಿ ಅದು ಬಡ್ಡಿ ಕಟ್ಟುವ ಮುನ್ನ ಮಾಲಕನಿಗೆ ಉಳಿಯುವ ಇಡೀ ತಿಂಗಳ ಹಣಕ್ಕೆ ಸುಮಾರಾಗಿ ಸಮ. ಎರಡು ವರ್ಷ ಹೀಗೆ ನಡೆದ ಮೇಲೆ, ಯಾರು ಲೆಕ್ಕದಲ್ಲಿ ಶುದ್ಧ, ಯಾರು ಮಾತಿನಲ್ಲಿ ಗಟ್ಟಿ ಎಂದು ಪರಸ್ಪರ ತಿಳಿದ ಮೇಲೆ, ಎಲ್ಲರ ಪಾಲಿನಿಂದ ಒಂದು ಸೂಪರ್ ಮಾರ್ಕೆಟ್ ತೆರೆಯಲಿ. ಆಗ ಹತ್ತು ಅಂಗಡಿಗಳು ಮುಚ್ಚುವ ಬದಲು ಹತ್ತು ಪಾಲುದಾರರು ಇರುತ್ತಾರೆ.

ಇದು ಕನಸಿನ ಮಾತಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೇ ಹೆಚ್ಚಾಗಿದ್ದ 28 ಮಂದಿ ದುಡಿಮೆಗಾರರು ತಲಾ ಒಂದು ಪೌಂಡಿನಂತೆ 28 ಪೌಂಡ್ ಸೇರಿಸಿ ಅಂಗಡಿ ತೆರೆದರು. ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಮೋಂಬತ್ತಿಯಂತಹ ನಾಲ್ಕೈದು ಸರಕುಗಳು. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ನಗದು ವ್ಯಾಪಾರ, ಕೊಂಡ ಪ್ರಮಾಣಕ್ಕೆ ತಕ್ಕಂತೆ ಸದಸ್ಯರಿಗೆ ಲಾಭಾಂಶ. ಜಗತ್ತಿನ ಸಹಕಾರಿ ಚಳುವಳಿ ಇಂದಿಗೂ ಆ ಅಂಗಡಿಯನ್ನೇ ತನ್ನ ತವರೆಂದು ಹೇಳುತ್ತದೆ. 1932ರಲ್ಲಿ ಹಾಲೆಂಡಿನ ಸಗಟು ವ್ಯಾಪಾರಿಯೊಬ್ಬ, ದೊಡ್ಡ ಸರಣಿ ಮಳಿಗೆಗಳ ಎದುರು ಸಣ್ಣ ಅಂಗಡಿಗಳು ಸೋಲುವುದನ್ನು ಕಂಡು ಅವುಗಳನ್ನು ಒಂದು ಖರೀದಿ ಕೂಟದೊಳಗೆ ತಂದ. ಬೆಂಗಳೂರಿನಲ್ಲಿ ನಾವು ನೋಡುವ ‘ಸ್ಪಾರ್’ ಎಂಬ ಹೆಸರಿನ ಮೂಲ ಅದೇ. ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ಮಲೆನಾಡಿನ ಶಿರಸಿಯಲ್ಲಿ ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ಮೊದಲು ಸದಸ್ಯರ ಅಡಿಕೆ ಮಾರಿತು, ಅವರ ವಿಶ್ವಾಸ ಗಳಿಸಿತು. ಆ ವಿಶ್ವಾಸದ ಮೇಲೆ ಸೂಪರ್ ಮಾರ್ಕೆಟನ್ನೂ ನಡೆಸುತ್ತಿದೆ. ಶಿರಸಿಯ ಬೆಳೆಗಾರರಿಗೆ ಸಾಧ್ಯವಾದದ್ದು ಮೂಡಿಗೆರೆಯ ವ್ಯಾಪಾರಿಗಳಿಗೆ ಅಸಾಧ್ಯವೇ?

ಪಾಲುದಾರಿಕೆ ಎಂದೊಡನೆ ನಮ್ಮ ಜನ ಹಿಂಜರಿಯುತ್ತಾರೆ. ಅದಕ್ಕೆ ಕಾರಣವೂ ಇದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಕುಸಿದಾಗ ಹಲಾಲ್ ಲಾಭದ ಆಸೆಯಿಂದ ಹಣ ಹಾಕಿದ್ದ ಸಾವಿರಾರು ಮುಸ್ಲಿಮ್ ಕುಟುಂಬಗಳು ಬೀದಿಗೆ ಬಂದವು. ಮಗಳ ಮದುವೆಗಿಟ್ಟ ಹಣ, ನಿವೃತ್ತಿಯ ಹಣ, ವಿಧವೆಯ ಉಳಿತಾಯ ಎಲ್ಲವೂ ಹೋಯಿತು. ಆದರೆ ಅಲ್ಲಿ ಸೋತದ್ದು ಪಾಲುದಾರಿಕೆಯೇ? ಅಲ್ಲ. ಹಣ ಹಾಕಿದವರಿಗೆ ವ್ಯಾಪಾರ ಎಲ್ಲಿದೆ, ಸರಕು ಎಲ್ಲಿದೆ, ನಷ್ಟವಾದರೆ ಏನು ಎಂಬುದು ಗೊತ್ತಿರಲಿಲ್ಲ. ಪ್ರತಿ ತಿಂಗಳೂ ಹಣ ಬರುತ್ತಿತ್ತು, ಆದ್ದರಿಂದ ಕೇಳಲೂ ಇಲ್ಲ. ಸೂಪರ್ ಮಾರ್ಕೆಟಿನ ಪಾಲುದಾರ ಅಂಗಡಿಯ ಕಪಾಟನ್ನು ಕಣ್ಣಾರೆ ನೋಡಬಲ್ಲ, ಲೆಕ್ಕವನ್ನು ತೆಗೆದು ಓದಬಲ್ಲ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಮೊದಲೇ ಒಪ್ಪಿಕೊಂಡ ಪಾಲು, ನಷ್ಟವಾದರೆ ಅದರಲ್ಲೂ ಹೊಣೆ - ಇದು ಪ್ರವಾದಿ ಮುಹಮ್ಮದ್(ಸ)ರ ಕಾಲದ ಮಕ್ಕಾದ ವರ್ತಕರಿಗೆ ತಿಳಿದಿದ್ದ ಪದ್ಧತಿ. ಹಝ್ರತ್ ಖದೀಜ(ರ)ರ ಬಂಡವಾಳದೊಂದಿಗೆ ಪ್ರವಾದಿ(ಸ)ಯವರು ಸಿರಿಯಾಕ್ಕೆ ವ್ಯಾಪಾರಕ್ಕೆ ಹೋದದ್ದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕುರ್‌ಆನಿನ ಅತಿ ದೀರ್ಘವಾದ ಸೂಕ್ತವು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ಬರೆದಿಡುವುದರ ಕುರಿತಾಗಿದೆ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಅಣ್ಣ-ತಮ್ಮ, ಭಾವ-ಮೈದುನರ ನಡುವೆ ಪತ್ರ ಯಾಕೆ ಎಂದು ಆರಂಭದಲ್ಲಿ ಸಂಕೋಚಪಡುವವರೇ ಐದು ವರ್ಷದ ನಂತರ ನ್ಯಾಯಾಲಯದ ಮೆಟ್ಟಿಲಲ್ಲಿ ಎದುರಾಗುತ್ತಾರೆ. ಪಾಲುದಾರಿಕೆಯ ಪತ್ರ ನೋಂದಣಿಯಾಗಲಿ. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕ ಲೆಕ್ಕ ನೋಡಲಿ. ಬಿಟ್ಟು ಹೋಗುವವನಿಗೆ ಎಷ್ಟು, ಸತ್ತವನ ಮಕ್ಕಳಿಗೆ ಎಷ್ಟು ಎಂಬುದು ಮೊದಲ ದಿನವೇ ಬರೆದಿರಲಿ.

ಉದ್ರಿಗೂ ಇದೇ ಮಾತು. ಅದನ್ನು ನಿಲ್ಲಿಸುವುದು ಬೇಡ, ಅದಕ್ಕೊಂದು ಮಿತಿಯಿರಲಿ. ಒಂದು ಕುಟುಂಬಕ್ಕೆ ಒಂದು ಬಟವಾಡೆಯಷ್ಟು, ಬೆಳೆಗಾರನಿಗೆ ಗೊತ್ತುಪಡಿಸಿದ ಒಂದು ಮೊತ್ತ, ಎರಡು ಕಡೆಯೂ ಚೀಟಿ. ನಿಜವಾಗಿ ಕಷ್ಟದಲ್ಲಿದ್ದು ಕೊಡಲಾಗದವನ ಲೆಕ್ಕವನ್ನು ಅಂಗಡಿಯ ನಷ್ಟದಲ್ಲಿ ಸೇರಿಸುವ ಬದಲು ಊರಿನ ಝಕಾತ್ ಸಮಿತಿ ಪರಿಶೀಲಿಸಲಿ. ಸಾಲದಲ್ಲಿ ಸಿಲುಕಿದವರೂ ಝಕಾತ್‌ನ ಹಕ್ಕುದಾರರಲ್ಲವೇ?

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. 2022ರಲ್ಲಿ ಕರಾವಳಿಯ ಜಾತ್ರೆಗಳಿಂದ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡುವ ಫಲಕಗಳು ಎದ್ದು, ಅದು ರಾಜ್ಯದ ಬೇರೆಡೆಗೂ ಹಬ್ಬಿತು. ನಮ್ಮ ಜಿಲ್ಲೆಯಲ್ಲಿ ಡಿಸೆಂಬರ್ ಬಂತೆಂದರೆ ಪೊಲೀಸ್ ಬಂದೋಬಸ್ತಿನ ನಡುವೆ ಅಂಗಡಿಯ ಬಾಗಿಲು ಅರ್ಧ ಎಳೆದು ಕೂರುವ ದಿನಗಳನ್ನು ವ್ಯಾಪಾರಿಗಳು ಕಂಡಿದ್ದಾರೆ. ಇದರಿಂದ ನೊಂದವರು, ‘ಹಾಗಾದರೆ ನಮ್ಮವರು ನಮ್ಮವರಲ್ಲೇ ಕೊಳ್ಳಲಿ, ನಮ್ಮದೇ ಸೂಪರ್ ಮಾರ್ಕೆಟ್ ಇರಲಿ’ ಎನ್ನುತ್ತಾರೆ. ನೋವು ಅರ್ಥವಾಗುತ್ತದೆ. ಆದರೆ ಪರಿಹಾರ ಅದಲ್ಲ. ಬಹಿಷ್ಕಾರಕ್ಕೆ ಬಹಿಷ್ಕಾರ ಉತ್ತರವಾದರೆ ಬಹಿಷ್ಕಾರದ ತತ್ವವನ್ನು ನಾವೂ ಒಪ್ಪಿಕೊಂಡಂತೆ. ವ್ಯಾಪಾರದ ದೃಷ್ಟಿಯಿಂದಲೂ ಅದು ಆತ್ಮಹತ್ಯೆ. ಕಾಫಿ ನಾಡಿನ ತೋಟದ ಮಾಲಕ ಒಂದು ಸಮುದಾಯದವನು, ಕಾರ್ಮಿಕ ಇನ್ನೊಂದರವನು, ಕಾಫಿ ಕೊಳ್ಳುವವನು ಮತ್ತೊಂದರವನು. ಈಗ ಅಸ್ಸಾಮ್, ಜಾರ್ಖಂಡ್‌ಗಳಿಂದ ಬಂದ ಕಾರ್ಮಿಕರೂ ಇದ್ದಾರೆ. ಇವರಲ್ಲಿ ಒಂದು ಭಾಗಕ್ಕೆ ಮಾತ್ರ ಮಾರುವ ಅಂಗಡಿ ಹೇಗೆ ತಾನೇ ಉಳಿದೀತು? ಖರೀದಿ ಕೂಟದಲ್ಲಿ ಬೀದಿಯ ಎಲ್ಲ ಅಂಗಡಿಯವರೂ ಇರಲಿ - ಶೆಟ್ಟರಿರಲಿ, ಗೌಡರಿರಲಿ, ಕ್ರೈಸ್ತರಿರಲಿ. ಒಂದೇ ಲಾರಿಯಿಂದ ಸರಕು ಇಳಿಸಿಕೊಳ್ಳುವವರು, ಒಂದೇ ಗೋದಾಮಿನ ಬೀಗದ ಕೈ ಹಂಚಿಕೊಳ್ಳುವವರು ಗಲಭೆಯ ದಿನ ಪರಸ್ಪರರ ಅಂಗಡಿಯನ್ನು ಕಾಯುತ್ತಾರೆಯೇ ಹೊರತು ಕಲ್ಲೆಸೆಯುವುದಿಲ್ಲ. ಸೌಹಾರ್ದ ಸಭೆಗಳ ನೂರು ಭಾಷಣ ಮಾಡಲಾಗದ್ದನ್ನು ಒಂದು ಜಂಟಿ ಲೆಕ್ಕಪುಸ್ತಕ ಮಾಡಬಲ್ಲದು.

ಮಳಿಗೆಯೊಳಗೆ ಯಾರು ಇರಬೇಕೆಂಬುದೂ ಯೋಚಿಸಬೇಕಾದ ವಿಷಯ. ಪಿಯುಸಿ, ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತಿರುವ ಹೆಣ್ಣುಮಕ್ಕಳು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಲೆಕ್ಕ, ಬಿಲ್ಲಿಂಗ್, ಸರಕಿನ ಪಟ್ಟಿ ಇವರ ಕೈಯಲ್ಲಿ ಸುರಕ್ಷಿತವಾಗಿರಬಲ್ಲದು. ಖದೀಜ(ರ)ರನ್ನು ವೇದಿಕೆಯಲ್ಲಿ ಹೊಗಳಿ ಮನೆಯ ಬಿ.ಕಾಂ. ಪದವೀಧರೆಯನ್ನು ಅಡುಗೆಮನೆಗೆ ಸೀಮಿತಗೊಳಿಸುವುದು ಯಾವ ನ್ಯಾಯ? ಸ್ತ್ರೀಶಕ್ತಿ ಸಂಘಗಳ ಉಪ್ಪಿನಕಾಯಿ, ಹಪ್ಪಳ, ಮಸಾಲೆ ಪುಡಿ, ಊರಿನ ಜೇನು, ಕಾಳುಮೆಣಸು, ಏಲಕ್ಕಿ, ಇಲ್ಲೇ ಹುರಿದ ಕಾಫಿಪುಡಿ ಇವಕ್ಕೆ ಕಣ್ಣಿಗೆ ಕಾಣುವ ಒಂದು ಕಪಾಟು ಇರಲಿ. ಕಂಪೆನಿಯ ಬಿಸ್ಕತ್ತನ್ನು ಯಾವ ಮಳಿಗೆಯೂ ಮಾರಬಲ್ಲದು. ಪ್ರವಾಸಿ ಕಳಸದಲ್ಲಿ ಕಳಸದ್ದನ್ನೇ ಹುಡುಕುತ್ತಾನೆ.

ಕಾನೂನಿನ ವಿಷಯದಲ್ಲಿ ಉದಾಸೀನ ಸಲ್ಲದು. ಆಹಾರ ಸುರಕ್ಷತೆಯ ಪರವಾನಿಗೆ, ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ, ಸ್ಥಳೀಯ ಸಂಸ್ಥೆಯ ಅನುಮತಿ, ಸರಕಿನ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣವನ್ನು ಲೆಕ್ಕ ಹಾಕಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಎಷ್ಟು ಗಾಬರಿಯಾಯಿತು! ಇಲಾಖೆಯ ಕ್ರಮವನ್ನು ವಿರೋಧಿಸಿ ಪ್ರತಿಭಟನೆಗಳು ನಡೆದವು. ಆದರೆ ತೆರಿಗೆಯಿಲ್ಲದ ಹಾಲು, ತರಕಾರಿ ಎಷ್ಟು, ತೆರಿಗೆಯುಳ್ಳ ಸರಕು ಎಷ್ಟು ಎಂದು ತೋರಿಸುವ ಪುಸ್ತಕ ಇದ್ದವನು ನಿಶ್ಚಿಂತನಾಗಿ ಉತ್ತರ ಬರೆಯಬಲ್ಲ. ಪುಸ್ತಕ ಇಲ್ಲದವನಿಗೆ ನಿದ್ದೆಯೂ ಇಲ್ಲ. ಇನ್ನು ತೂಕ ಮತ್ತು ಅಳತೆಯಲ್ಲಿ ಕಡಿತ ಮಾಡುವವರ ಕುರಿತು ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇರುವಾಗ, ಮುಸ್ಲಿಮನ ತಕ್ಕಡಿಯನ್ನು ಪರೀಕ್ಷಿಸಲು ಇಲಾಖೆಯ ಅಧಿಕಾರಿ ಬರಬೇಕಾದ ಸ್ಥಿತಿ ಇರಬಾರದು.

2006ರಲ್ಲಿ ಬಂದ ಸಾಚಾರ್ ವರದಿ, ಮುಸ್ಲಿಮರಲ್ಲಿ ಸ್ವಂತ ದುಡಿಮೆಯನ್ನು ನಂಬಿದವರು ಹೆಚ್ಚು, ಆದರೆ ಬ್ಯಾಂಕುಗಳ ನೆರವು ಅವರಿಗೆ ಸಿಗುವುದು ಕಡಿಮೆ ಎಂದು ದಾಖಲಿಸಿತು. ಸರಕಾರ ತನ್ನ ಹೊಣೆಯನ್ನು ನಿರ್ವಹಿಸಲಿ ಎಂದು ಆಗ್ರಹಿಸುವುದು ಸರಿ. ಆದರೆ ನಮ್ಮ ನಡುವಿನ ಹಣ ಎಲ್ಲಿ ಹೋಗುತ್ತಿದೆ ಎಂದೂ ಕೇಳಬೇಕಲ್ಲವೇ? ಒಂದು ಮದುವೆಯ ಹಾಲ್, ಊಟ, ಒಡವೆಗೆ ಸುರಿಯುವ ಹಣದಲ್ಲಿ ಒಂದು ಗೋದಾಮು ವರ್ಷವಿಡೀ ತುಂಬಿರುತ್ತದೆ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದುದೆಂದು ಹೇಳುವವರಿದ್ದಾರೆ. ವ್ಯಾಪಾರವನ್ನೇ ಹೆಸರಾಗಿಸಿಕೊಂಡವರಿಗೆ ಒಟ್ಟಾಗಿ ಕೊಳ್ಳುವುದು ಹೊಸ ಪಾಠವಾಗಬಾರದು.

ಆದ್ದರಿಂದ ಜಮಾಅತ್ ಸಮಿತಿಗಳಲ್ಲಿ, ವ್ಯಾಪಾರಿ ಸಂಘಗಳಲ್ಲಿ, ಮನೆಯ ಚಹಾದ ಮುಂದೆ ಈ ವಿಷಯ ಚರ್ಚೆಯಾಗಲಿ. ಊರಿಗೆ ಮರಳಿದ ಯುವಕನಿಗೆ ಕಟ್ಟಡ ತೋರಿಸುವ ದಲ್ಲಾಳಿಗಿಂತ ಮೊದಲು ಅಂಗಡಿಯಲ್ಲಿ ನೆರೆತ ಹಿರಿಯರು ಸಿಗಲಿ. ಆತ ಒಂದು ವರ್ಷ ಅವರ ಕಟ್ಟೆಯ ಹಿಂದೆ ನಿಂತು ಉದ್ರಿಯ ಪುಸ್ತಕ ಬರೆಯಲಿ, ಮಳೆಗಾಲ ನೋಡಲಿ, ಕೊಯ್ಲು ನೋಡಲಿ. ಹಿರಿಯರೂ ಆತನನ್ನು ಪ್ರತಿಸ್ಪರ್ಧಿಯಂತೆ ಕಾಣದೆ ಆತ ಗಲ್ಫ್‌ನ ಬಕಾಲಗಳಲ್ಲಿ ಕಲಿತು ಬಂದ ಯಂತ್ರದ ಬಿಲ್ಲು, ಸರಕಿನ ಜೋಡಣೆ, ಸ್ವಚ್ಛತೆಯನ್ನು ಕಲಿತುಕೊಳ್ಳಲಿ. ದೊಡ್ಡ ಕಂಪೆನಿಗಳು ಸಣ್ಣ ಪಟ್ಟಣಗಳತ್ತ ಹೊರಟಿವೆ. ಅವು ಬಂದು ತಲುಪುವ ದಿನ ನಮ್ಮ ಹತ್ತು ಅಂಗಡಿಗಳು ಹತ್ತು ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ, ಅವುಗಳನ್ನು ಮುಚ್ಚಿಸಲು ಕಂಪೆನಿಗೆ ಹೆಚ್ಚು ಶ್ರಮ ಬೇಕಾಗದು. ಒಂದೇ ಲಾರಿಯ ಸುತ್ತ ನಿಂತಿದ್ದರೆ, ಅದು ಬೇರೆಯೇ ಮಾತು.